ಪೂಜೆಯ ಹೊತ್ತಿಗೆ ಮಾಡು ಹತ್ತಿದವನು

ಎಲೆನ್‌ಬ್ರೂಕ್, ಪರ್ತ್
ಜುಲೈ 18, 2015

ಪ್ರೀತಿಯ ಗೌರಿ,

ನಿನ್ನ ಕಾಗದ ಬಂದು ಮೂರು ತಿಂಗಳ ಮೇಲಾಯಿತು. ಬೈಯುವುದಿದ್ದರೆ ಬೈದುಬಿಡು, ಬೇಡ ಎನ್ನುವುದಿಲ್ಲ. "ಈ ವಯೊಲೆಟ್ ಟೀಚರಿಗೆ ಕೊಬ್ಬು" ಅಂತ ಪ್ರಶಾಂತನ ಹತ್ತಿರ ಹೇಳಿಯೂ ಇರುತ್ತೀಯ, ನಿನ್ನನ್ನು ನಾನು ಬಲ್ಲೆ. ಕೊಬ್ಬಲ್ಲ ಮಾರಾಯ್ತಿ. ಬರೆಯಲು ಕೂತಾಗಲೆಲ್ಲ ಹಾಲ್‌ನಲ್ಲಿ ಸೋರುವ ಕಡೆ ಇಟ್ಟ ಪಾತ್ರೆ ತುಂಬಿರುತ್ತಿತ್ತು, ಎದ್ದು ಹೋಗಿ ಚೆಲ್ಲಿ ಬರಬೇಕಾಗುತ್ತಿತ್ತು. ನಮ್ಮ ಮನೆ ಸೋರುತ್ತಿತ್ತು ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆನಲ್ಲ, ಅದೇ ಕಥೆ.

ಫೋನಿನಲ್ಲೇ ಉಳಿದದ್ದನ್ನೂ ಹೇಳಬಹುದಿತ್ತು. ಆದರೆ ನಮ್ಮ ಯಜಮಾನರು ಕ್ಯಾಸಿಮಿರ್ ರಿಟೈರ್ ಆದ ಮೇಲೆ ನಾನಿದ್ದ ಕೋಣೆ ಬಿಟ್ಟು ಬೇರೆ ಕೋಣೆಯಲ್ಲಿ ಕೂರುವುದಿಲ್ಲ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಅದೇ ತೊಂದರೆ. ನೀವು ಪಕ್ಕದ ಮನೆ ಬಿಟ್ಟು ಬ್ರಿಸ್ಬೇನಿಗೆ ಹೋದಂದಿನಿಂದ ಈ ಬೀದಿಯಲ್ಲಿ ನನ್ನ ಕನ್ನಡಕ್ಕೆ ಕೆಲಸವೇ ಇಲ್ಲ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಇಂಗ್ಲಿಷ್. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ತಿದ್ದಿಸಿದ ಅಕ್ಷರವನ್ನು ಈಗ ನಿನಗೊಬ್ಬಳಿಗೆ ಬರೆಯುತ್ತೇನೆ, ಸಹಿಸಿಕೋ.

ಮೊದಲು ನಿನಗೆ ನಮಸ್ಕಾರ ಹೇಳಬೇಕು. ಆಲಿಕಲ್ಲಿನ ಮಳೆಗೆ ನಿಮ್ಮ ಮನೆಯ ಮಾಡಿನ ಹಂಚೆಲ್ಲ ಒಡೆದಾಗ ನೀನು ನನ್ನ ಮಗ ಗ್ಲೆನ್‌ನನ್ನೇ ಹುಡುಕಿ ಕರೆಸಿಕೊಂಡೆಯಲ್ಲ, ಅದಕ್ಕೆ. ಅವನು ಮಾಡಿನಿಂದ ಇಳಿದು ಕೈತೊಳೆದು ನಿನ್ನ ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡ, ನಿನ್ನ ಮಗಳು ಕವನಾಳಿಗೆ ಏಣಿ ಹತ್ತಲು ಕಲಿಸಿದ, ನೀನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಎಂದು ಬರೆದಿದ್ದೀಯ. ಆ ಭಾಗವನ್ನು ಎಷ್ಟು ಸಲ ಓದಿದೆನೋ. ತೆಳ್ಳಗಾಗಿದ್ದಾನೆ ಎಂದು ಮಾತ್ರ ಬರೆಯಬಾರದಿತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ನನಗೆ ಬೇಕಾದದ್ದು ಒಂದೇ ಗೌರಿ. ಅಪ್ಪ "ಬಾ" ಎನ್ನಬೇಕು, ಮಗ ಬರಬೇಕು, ನಾನು ಬಡಿಸಬೇಕು. ದೊಡ್ಡ ಆಸೆಯಾ ಇದು?

ಅವರಿಬ್ಬರ ಜಗಳದ ಅರ್ಧ ನಿನಗೆ ಗೊತ್ತು. 2010ರ ಮಾರ್ಚಿನಲ್ಲಿ ಇಲ್ಲಿ ಪರ್ತ್‌ನಲ್ಲಿ ಆಲಿಕಲ್ಲು ಬಿದ್ದದ್ದು ನೆನಪುಂಟಲ್ಲ? ನಮ್ಮ ಅಂಗಳ, ನಿಮ್ಮ ಅಂಗಳ ಎಲ್ಲ ಬೆಳ್ಳಗಾಗಿ, ನೀನು ಹೊರಗೆ ಬಂದು "ವಯೊಲೆಟ್, ಹಿಮ ಬಿದ್ದ ಹಾಗಿದೆಯಲ್ರೀ" ಅಂತ ಕೂಗಿದ್ದೆ. ಹಂಚು ಸರಿಮಾಡುವವರು ಬಂದಾಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ಗ್ಲೆನ್ ಅವರ ಜೊತೆ ಮಾಡು ಹತ್ತಿದ. ಹತ್ತಿದವನು ಇಳಿಯಲೇ ಇಲ್ಲ ಎನ್ನಬೇಕು. ವರ್ಷ ಮುಗಿಯುವುದರೊಳಗೆ ಕಾಲೇಜು ಬಿಟ್ಟು ಹಂಚಿನ ಕೆಲಸಕ್ಕೆ ಸೇರಿದ. "ಮಮ್, ಇಟ್ಸ್ ಅ ಗುಡ್ ಟ್ರೇಡ್. ಐ ಲೈಕ್ ಇಟ್ ಅಪ್ ದೇರ್" ಎಂದ.

ಇದು ಬೇರೆ ಯಾರ ಮನೆಯಲ್ಲಾದರೂ ಇಷ್ಟು ದೊಡ್ಡದಾಗುತ್ತಿರಲಿಲ್ಲವೇನೋ. ನನ್ನ ಮಾವ, ಪಾಸ್ಕಲ್ ಎಂದು ಅವರ ಹೆಸರು, ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಜೀವಮಾನವಿಡೀ ಹಂಚು ಹೊತ್ತವರು. ನಾನು ಮದುವೆಯಾಗಿ ಬಂದಾಗ ಅವರ ಕುತ್ತಿಗೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮಗ ಆ ಅಂಗಳಕ್ಕೆ ಕಾಲಿಡಬಾರದು ಎಂದು ಓದಿಸಿದರು. ಇವರು ಬಹ್ರೇನಿನಲ್ಲಿ ಲೆಕ್ಕ ಬರೆದು, ಆಮೇಲೆ ನಮ್ಮನ್ನೆಲ್ಲ ಇಲ್ಲಿಗೆ ಕರೆತಂದರು. ಈಗ ಕ್ಯಾಸಿಮಿರ್ ಕೇಳುವುದು ಒಂದೇ ಮಾತು, "ನಾನು ಹೊರಬಾರದು ಅಂತ ನನ್ನ ಅಪ್ಪ ಹೊತ್ತದ್ದು. ನನ್ನ ಮಗ ಸಮುದ್ರ ದಾಟಿ ಬಂದು ಪುನಃ ಅದನ್ನೇ ಹೊರ್ತಾನೆ. ಹಾಗಾದ್ರೆ ಮಧ್ಯದಲ್ಲಿ ನಾನು ಎಂತದಕ್ಕೆ?" ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಮಾವನ ಕುತ್ತಿಗೆ ನೆನಪಾಗುತ್ತದೆ.

ಉಳಿದರ್ಧ ನೀವು ಹೋದ ಮೇಲೆ ನಡೆದದ್ದು. ಮರಿಯಮ್ಮನವರ ಮೋಂತಿ ಹಬ್ಬದ ದಿನ ಚರ್ಚಿನ ಹಾಲಿನಲ್ಲಿ ಹೊಸ ತೆನೆಯ ಊಟ. ಗ್ಲೆನ್ ಕೆಲಸದಿಂದ ನೇರ ಬಂದ, ಬೂಟಿನ ತುಂಬ ಧೂಳು. ಕ್ಯಾಸಿಮಿರ್ ಅವನ ಹೆಗಲು ಹಿಡಿದು ಯಾರಿಗೋ "ಮಗ ಇಂಜಿನಿಯರಿಂಗ್ ಲೈನು" ಎಂದರು. ಇವನು ಸುಮ್ಮನಿರಬೇಕೋ ಬೇಡವೋ? "ನೋ ಅಂಕಲ್, ಐಯಾಮ್ ಅ ರೂಫ್ ಟೈಲರ್. ಹಂಚು ಹಾಕುವವ. ಸೋರಿದ್ರೆ ಕಾಲ್ ಮಾಡಿ" ಎಂದು ಎಂದೂ ಆಡದ ಕನ್ನಡವನ್ನು ಅಲ್ಲಿ ಆಡಿದ. ನಮ್ಮೂರಿನ ಜಾಕ್ಸನ್ ಅಲ್ಲೇ ಇದ್ದರು, ಅವರ ಬಾಯಿಗೆ ಬೀಗವಿಲ್ಲ. "ಹ್ಹೆ ಹ್ಹೆ, ಪಾಸ್ಕಲಪ್ಪನ ಉದ್ಯೋಗ ಮೊಮ್ಮಗನಿಗೆ ಬಂತು ನೋಡಿ" ಎಂದುಬಿಟ್ಟರು. ಜನ ನಕ್ಕರು. ಕೆಟ್ಟ ನಗುವಲ್ಲ, ಆದರೂ ನಗುವೇ. ಮನೆಗೆ ಬಂದ ಮೇಲೆ ಕ್ಯಾಸಿಮಿರ್ ಮಗನಿಗೆ, "ಆ ಏಣಿ ಹಿಡ್ಕೊಂಡು ನನ್ನ ಗೇಟಿನ ಒಳಗೆ ಬರ್ಬೇಡ" ಎಂದರು. ಅವನು ಏಣಿ, ಬಟ್ಟೆ, ಬೂಟು ಎಲ್ಲ ತೆಗೆದುಕೊಂಡು ಹೋದ. ಕಳೆದ ವರ್ಷದ ಕೊನೆಗೆ ಬ್ರಿಸ್ಬೇನಿನಲ್ಲಿ ಆಲಿಕಲ್ಲು ಬಿದ್ದು ಕೆಲಸದವರು ಸಾಲದೆ ಹೋದಾಗ ಅಲ್ಲಿಗೇ ಹೋಗಿ ನಿಂತ. ಈಗ ಚರ್ಚಿನಲ್ಲಿ ಯಾರಾದರೂ ಕೇಳಿದರೆ ಇವರು "ಬ್ರಿಸ್ಬೇನಿನಲ್ಲಿ, ಕನ್‌ಸ್ಟ್ರಕ್ಷನ್" ಎನ್ನುತ್ತಾರೆ. ಸುಳ್ಳಲ್ಲವಲ್ಲ!

ಮೇ ತಿಂಗಳಲ್ಲಿ ಇಲ್ಲಿ ಮಳೆ ಹಿಡಿಯಿತು. ಊರಿನಲ್ಲಾದರೆ ಮಳೆಗೆ ಮೊದಲು ಮಾಡು ಹತ್ತಿ ಹಂಚು ಕೈಯಾಡಿಸುತ್ತಿದ್ದೆವು. ಗ್ಲೆನ್ ಇದ್ದಷ್ಟು ವರ್ಷ ಅವನೇ ಅದನ್ನು ಮಾಡುತ್ತಿದ್ದ. ಎರಡು ವರ್ಷ ಯಾರೂ ಹತ್ತಿರಲಿಲ್ಲ. ಸೋರಿದ್ದೂ ಎಲ್ಲಿ ಗೊತ್ತಾ? ಹಾಲಿನಲ್ಲಿ, ಸರಿಯಾಗಿ ಯೇಸುವಿನ ಪವಿತ್ರ ಹೃದಯದ ಪಟದ ಮುಂದೆ. ಸಾನ್ನ, ಇಡ್ಲಿ ಬೇಯಿಸುವ ದೊಡ್ಡ ಪಾತ್ರೆ ತಂದಿಟ್ಟೆ. ಸಂಜೆ ಜಪಸರ ಹಿಡಿದು ತೇರ್ಸ ಹೇಳುವಾಗ ಪ್ರತಿ ನಮೋ ಮರಿಯೆಗೂ ಒಂದು ಟಪ್. ನನಗೆ ನಗು ಬರುತ್ತಿತ್ತು, ಅವರು ಕಣ್ಣು ಬಿಡುತ್ತಿದ್ದರು. "ಗ್ಲೆನ್‌ಗೆ ಒಂದು ಮಾತು ಹೇಳೋಣ" ಎಂದರೆ ಎದ್ದು ಹೋಗಿ ಪಟವನ್ನು ಎದುರಿನ ಗೋಡೆಗೆ ವರ್ಗಾಯಿಸಿದರು. "ದೇವರಿಗೆ ಸೋರದಿದ್ರೆ ಸಾಕು, ನಮಗೆ ಸೋರಿದ್ರೆ ಅಡ್ಡಿಯಿಲ್ಲ" ಎಂದರು.

ಬೇರೆಯವರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಮಗನಿಗೇ ಬರುವ ಕೆಲಸಕ್ಕೆ ಪರರನ್ನು ಕರೆಯಲು ನಾಚಿಕೆ, ಮಗನನ್ನು ಕರೆಯಲು ಅದಕ್ಕಿಂತ ನಾಚಿಕೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ನಮ್ಮಲ್ಲಿ ಅಪ್ಪ ಮಗನ ಜಗಳದಲ್ಲಿ ತಾಯಿ ಬಡವಾದಳು. ಅಡಿಲೇಡಿನಲ್ಲಿರುವ ಜಾಯ್ಲಿನ್‌ಗೆ ಫೋನ್ ಮಾಡಿ ಅತ್ತರೆ ಅವಳು, "ಮಮ್ಮಿ, ಇಬ್ಬರೂ ಸ್ಟಬರ್ನ್, ಬಿಟ್ಟುಬಿಡು" ಎಂದಳು. ಮಗಳು ಹೇಳಿದ ಹಾಗೆ ಬಿಡಲು ಬರುವುದಿದ್ದರೆ ತಾಯಿ ಯಾಕಾಗುತ್ತಿದ್ದೆ?

ಜೂನ್ ಮಧ್ಯದಲ್ಲಿ ಒಂದು ರಾತ್ರಿಯಿಡೀ ಮಳೆ. ಬೆಳಿಗ್ಗೆ ನೋಡಿದರೆ ಪಾತ್ರೆ ಒಣ. ಕ್ಯಾಸಿಮಿರ್‌ಗೆ ಸಂಭ್ರಮವೋ ಸಂಭ್ರಮ. "ನೋಡಿದ್ಯಾ? ಮರ ನೀರು ಕುಡಿದು ಉಬ್ಬಿ ಸಂದು ತಾನಾಗಿ ಮುಚ್ಚಿತು. ನನಗೆ ಗೊತ್ತಿತ್ತು" ಎಂದು ಎರಡು ದಿನ ಮನೆಯಿಡೀ ಓಡಾಡಿದರು. ಮೂರನೆಯ ದಿನ ಬಿನ್ ಹೊರಗಿಡಲು ಹೋದವರು ಗೇಟಿನ ಹತ್ತಿರ ನಿಂತೇಬಿಟ್ಟರು. ಮಾಡಿನ ಮೇಲೆ ಹಳೆಯ ಹಂಚಿನ ನಡುವೆ ಅಲ್ಲಲ್ಲಿ ಹೊಸ ಹಂಚು, ನೆತ್ತಿಯುದ್ದಕ್ಕೂ ಹೊಸ ಗಾರೆ. ಒಳಗೆ ಬಂದು ಬಾಗಿಲು ಹಾಕಿಕೊಂಡರು.

ನಾನು ಎದುರು ಮನೆಯ ಬೆವ್‌ಳ ಹತ್ತಿರ ಓಡಿದೆ. ಆಕೆ ಹೇಳಿದಳು, ಭಾನುವಾರ ನಾವು ಚರ್ಚಿನ ಪೂಜೆಗೆ ಹೋದ ಮೇಲೆ ಗ್ಲೆನ್ ಬಂದನಂತೆ. ಹಂಚು ತುಂಬಿದ, ಯಾರದೋ ಯೂಟ್ ಗಾಡಿಯನ್ನು ಅವಳ ಅಂಗಳದಲ್ಲಿ ನಿಲ್ಲಿಸಿ, ಹಂಚು ಹೊತ್ತುಕೊಂಡು ಮಾಡು ಹತ್ತಿದನಂತೆ. ಪೂಜೆ, ಆಮೇಲೆ ಹಾಲಿನಲ್ಲಿ ಚಹಾ, ನಾವು ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಈ ಮನೆಯಲ್ಲಿ ಬೆಳೆದವನಿಗೆ ಹೇಳಿಕೊಡಬೇಕೇ? ಸೋರುವ ವಿಷಯ ಅವನ ಕಿವಿಗೆ ಹಾಕಿದ್ದು ನೀನೇ ಎಂದು ನನಗೆ ಗೊತ್ತು ಕಳ್ಳಿ. ನಿನ್ನ ಬಾಯಿಗೆ ಸಕ್ಕರೆ ಬೀಳಲಿ.

ಎಷ್ಟು ಖುಷಿಪಟ್ಟೆ ಗೊತ್ತಾ? ಅತ್ತದ್ದೂ ಹೌದು. ವಿಮಾನಕ್ಕೆ ಹೊತ್ತಾಗಿರಬೇಕು, ಅದಕ್ಕೇ ಕಾಯಲಿಲ್ಲ ಎಂದುಕೊಂಡೆ. ಇವತ್ತಲ್ಲ ನಾಳೆ ಇವರೇ ಫೋನ್ ಮಾಡುತ್ತಾರೆ, ಕಲ್ಲಲ್ಲವಲ್ಲ, ತಂದೆಯಲ್ಲವೇ ಎಂದುಕೊಂಡು ಕಾದೆ. ಇವರು ಫೋನ್ ಮಾಡಿದರು. ಮಗನಿಗಲ್ಲ, ಯಾವುದೋ ಕಂಪನಿಗೆ. ಹಂಚನ್ನೆಲ್ಲ ತೆಗೆಸಿ ಇಡೀ ಮನೆಗೆ ತಗಡಿನ ಮಾಡು ಹಾಕಿಸುತ್ತಾರಂತೆ!

"ಸೋರುವುದು ನಿಂತಿದೆಯಲ್ಲ, ಯಾಕೆ?" ಎಂದೆ. "ಹಂಚು ಇದ್ರೆ ತಾನೆ ಹಂಚಿನವನು ಬರುವುದು" ಎಂದರು. ನಾನು ಗೋಗರೆದೆ, ಎರಡು ದಿನ ಮಾತು ಬಿಟ್ಟೆ, ಅಡುಗೆಗೆ ಉಪ್ಪು ಹಾಕಲಿಲ್ಲ. ಸಪ್ಪೆಯನ್ನೇ ಉಂಡರು.

ಸೋಮವಾರ ಕೆಲಸದವರು ಬಂದರು. ರೇಡಿಯೋ ಹಾಕಿಕೊಂಡು, ಹಂಚುಗಳನ್ನು ಕಿತ್ತು ಅಂಗಳದ ದೊಡ್ಡ ಕಬ್ಬಿಣದ ತೊಟ್ಟಿಗೆ ಎಸೆದರು. ಹಳೆಯದೂ ಹೊಸದೂ ಒಂದೇ. ನಾನು ಕಿಟಕಿ ಬಿಟ್ಟು ಸರಿಯಲಿಲ್ಲ. ಕ್ಯಾಸಿಮಿರ್ ತೊಟ್ಟಿಯ ಹತ್ತಿರ ನಿಂತಿದ್ದರು. ನೆತ್ತಿಯ ಹಂಚೊಂದನ್ನು, ಗ್ಲೆನ್ ಕೂರಿಸಿದ್ದನ್ನು, ಎತ್ತಿಕೊಂಡು ತಿರುಗಿಸಿ ನೋಡಿದರು. ಗಾರೆಯ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ನಾನು ಹೊರಗೆ ಹೋಗಿ ಪಕ್ಕದಲ್ಲಿ ನಿಂತೆ.

"ಕೈ ಕುಳಿತಿದೆ ಅವನಿಗೆ" ಎಂದರು. "ನನ್ನ ಅಪ್ಪ ನೋಡಿದ್ರೆ ಸೈ ಅನ್ನುತ್ತಿದ್ದ."

"ಹಾಗಾದರೆ ಅದನ್ನೇ ಫೋನ್ ಮಾಡಿ ಹೇಳಿ. ನಿಮ್ಮ ಕಾಲು ಹಿಡಿಯುತ್ತೇನೆ" ಎಂದೆ.

"ಇನ್ನು ಯಾವ ಬಾಯಲ್ಲಿ ಹೇಳ್ಲಿ ವಯೊಲೆಟ್? ನೀನು ಮಾಡಿದ್ದನ್ನು ಕಿತ್ತು ಬಿಸಾಡಿಸಿದ್ದೇನೆ, ಚೆನ್ನಾಗಿತ್ತು ಮಗಾ, ಅಂತ ಹೇಳ್ಲಾ?" ಎಂದು ಹಂಚನ್ನು ಮೆಲ್ಲಗೆ ತೊಟ್ಟಿಯೊಳಗೆ ಇಟ್ಟರು. ಆ ಹೊತ್ತಿಗೆ ಅವರ ಮೋರೆ ನೋಡಿದ್ದರೆ ನಿನಗೂ ಪಾಪ ಅನ್ನಿಸುತ್ತಿತ್ತು. ನಿನ್ನೆಯಿಂದ ತಗಡಿನ ಕೆಳಗಿದ್ದೇವೆ. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಆಡುವ ಮಾತೂ ಹೆಚ್ಚೇನಿಲ್ಲ.

ಈ ತಗಡಿನ ಸುದ್ದಿಯನ್ನು ಗ್ಲೆನ್‌ಗೆ ಹೇಳುವುದೋ ಬಿಡುವುದೋ ನನಗೆ ತಿಳಿಯುತ್ತಿಲ್ಲ. ನಿನಗೇನಾದರೂ ತೋಚಿದರೆ ಬರೆ. ಅವನು ಬಂದರೆ ಊಟ ಹಾಕು, ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು, ನಾನು ಹೇಳಿದೆನೆಂದು ಹೇಳಬೇಡ. ಕವನಾಳ ಓದಿಗೆ, ಪ್ರಶಾಂತನ ಹೊಸ ಕೆಲಸಕ್ಕೆ ಮರಿಯಮ್ಮನವರ ಆಶೀರ್ವಾದವಿರಲಿ. ನಿನ್ನ ಮೊಣಕಾಲು ಬೇಗ ಗುಣವಾಗಲಿ. ನಿಮ್ಮ ಮನೆ ಯಾವ ಮಳೆಗೂ ಬೆಚ್ಚಗಿರಲಿ.

ನಿನ್ನ ಪಕ್ಕದ ಮನೆಯವಳೇ ಆಗಿ ಉಳಿದಿರುವ,
ವಯೊಲೆಟ್

ತಾಜಾ ಕಲಂ: ಕಾಗದ ಮಡಚಿಕೊಂಡು ಅಂಚೆಗೆ ಹಾಕಲು ಹೊರಟಿದ್ದೆ, ಬೆವ್ ಸಿಕ್ಕಿದಳು. ಹೊಸ ಮಾಡನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲವೇನೋ. "ಅವತ್ತು ನಾನು ಪೂರ್ತಿ ಹೇಳ್ಲಿಲ್ಲ, ಲವ್" ಎಂದಳು. ಗ್ಲೆನ್‌ನ ಕೆಲಸ ಬೇಗನೆ ಮುಗಿದಿತ್ತಂತೆ. ಇವಳು ಟೀ ಕೊಟ್ಟು, ಅಮ್ಮ ಬರುವ ತನಕ ಇರು ಎಂದಳಂತೆ, ಅವನು ಹೂಂ ಎಂದು ಮೇಲೆಯೇ ಕೂತನಂತೆ. ನಮ್ಮ ಕಾರು ಬೀದಿಗೆ ತಿರುಗಿದ್ದು ಕಂಡಾಗ ಇಳಿಯಲಿಲ್ಲ. ಮಾಡಿನ ಹಿಂದಿನ, ಏಣಿಯಿದ್ದ ಇಳಿಜಾರಿಗೆ ಸರಿದು ಮಲಗಿಬಿಟ್ಟ. ನಾವು ಒಳಗೆ ಹೋಗಿ ಎಷ್ಟೋ ಹೊತ್ತಿನ ಮೇಲೆ ಇಳಿದು ಹೋದ.

ಅಪ್ಪನ ಮೇಲೆ ಸಿಟ್ಟಿರಲಿ ಗೌರಿ, ನನ್ನನ್ನು ನೋಡಲು ಅವನಿಗೇನಾಗಿತ್ತು? ಅವತ್ತು ನಾನು ಬಂದವಳೇ ಸೀರೆ ಬದಲಿಸಿ ಮೀನು ಹುರಿಯಲು ನಿಂತಿದ್ದೆ, ಹಾಡಿಕೊಳ್ಳುತ್ತಿದ್ದೆ. ಅವನಿಗೆ ಕೇಳಿಸಿರುತ್ತದೆ, ಮೀನಿನ ವಾಸನೆಯೂ ಹೋಗಿರುತ್ತದೆ. ಮೇಲೆ ಏನೋ ಸರಿದ ಸದ್ದಾದಾಗ ಕ್ಯಾಸಿಮಿರ್ ತಲೆಯೆತ್ತಿದರು. "ಕಾಗೆ ಇರಬೇಕು, ಉಣ್ಣಿ" ಎಂದದ್ದು ನಾನೇ.

ಇದು ನನಗೆ ಗೊತ್ತಾಗಿದೆ ಎಂದು ದಯವಿಟ್ಟು ಅವನಿಗೆ ಹೇಳಬೇಡ. ಅಷ್ಟು ಹತ್ತಿರ ಬರುವುದನ್ನೂ ಬಿಟ್ಟಾನು.