ಎರಡು ಸ್ಪೀಕರ್‌ಗಳ ನಡುವೆ

ಅಣ್ಣಾ,

ನೀನು ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ನೀನು ಹೋದಮೇಲೆ ಸ್ಪೀಕರ್‌ಗಳು ಕೆಟ್ಟು ಮೂಕವಾಗಿತ್ತು. ಇನ್ನೂ ಹಾಡದಿದ್ದರೆ ಗುಜರಿಗೆ ಹಾಕುವುದಾಗಿ ಅತ್ತಿಗೆ ಹೇಳಿದ್ದರು. ಅದರ ಕಡಿಮೆ ಶಕ್ತಿಗೆ ಹೊಂದುವ ಹಳೇ ಸ್ಪೀಕರ್ ಜೋಡಿ ಇವತ್ತು ಸಿಕ್ಕಿತು. "ಇವು ಪಿಸುಮಾತಿಗೂ ಓಗೊಡ್ತವೆ, ಗದರಿಸ್ಬೇಡಿ ಅಷ್ಟೇ," ಎಂದ ಮಾರಿದವನು.

ನಿಮ್ಮ ಮನೆಗೆ ತಂದು ಜೋಡಿಸಿದೆ. ಹಾಡುಗಾರನ ದನಿ ಗೋಡೆಗಳಲ್ಲೆಲ್ಲೋ ಚದುರಿಹೋಗಿತ್ತು.

"ಎಲ್ಲಿದಾನಪ್ಪಾ ಇವನು?" ಎಂದರು ಅತ್ತಿಗೆ.

ಒಂದು ಸ್ಪೀಕರಿಗೆ ತಂತಿಗಳನ್ನು ಅದಲುಬದಲು ಮಾಡಿದ್ದೆ. ಸರಿಪಡಿಸಿದೆ. ದನಿ ಬಂದು ಎರಡರ ನಡುವೆ ಆಳೆತ್ತರದಲ್ಲಿ ನಿಂತಿತು. "ಒಂದ್ಸಲ ಬಂದು ಕೇಳೋ," ಎಂದು ನೀನು ಕರೆಯುತ್ತಿದ್ದದ್ದು ಇದಕ್ಕೇ ಇರಬೇಕು.

ಅತ್ತಿಗೆ ಕಾಫಿ ತರುವಾಗ ಆ ಖಾಲಿ ಜಾಗವನ್ನು ತುಳಿಯದೆ, ಗೋಡೆಗೆ ಒತ್ತಿಕೊಂಡು ಬಂದರು. "ಗುಜರಿಯವನಿಗೆ ಬೇಡ ಅಂದ್ಬಿಡು," ಎಂದರು.

ಹಾಡು ನಿಲ್ಲಿಸಿ ಹೊರಡುವಾಗ ನಾನೂ ಗೋಡೆಯ ಪಕ್ಕದಿಂದಲೇ ಬಂದೆ.