ನಿಷೇಧಕ್ಕೆ ಮುಂಚೆ ತಂದಿಟ್ಟ ಡಬ್ಬ

ಪ್ರೀತಿಯ ಅಣ್ಣನಿಗೆ,

ಈ ಮಾತು ಮೊದಲು ಹೇಳಿದ್ದು ನರ್ಸಕ್ಕ, ನಿನ್ನೆ ಸಂಜೆ, ನಮ್ಮ ಅಡುಗೆಮನೆಯಲ್ಲಿ. “ಆ ಕೀಟದ ಔಷಧಿ ನಿಷೇಧ ಆದ್ಮೇಲೆ, ಸಿಟ್ಟಲ್ಲಿ ವಿಷ ಕುಡಿದು ಬಂದೋರು ಎಷ್ಟೋ ಜನ ಬದುಕ್ಕೊಂಡ್ರು ಕಣ್ರೇ, ಅಷ್ಟು ಕಡುವಿಷ ಈಗ ಸಿಗಲ್ವಲ್ಲ. ಮೊನ್ನೆ ತೀರಿಹೋದ ಹುಡುಗಿ ಕುಡಿದಿದ್ದು ಅವರಪ್ಪ ಮುಂಚೇನೇ ತಂದು ಬಚ್ಚಿಟ್ಟಿದ್ದ ಡಬ್ಬದ್ದು.” ಕೇಳಿದ ಹೆಂಗಸರೆಲ್ಲ ತಮ್ಮ ಮನೆಯ ಡಬ್ಬ ಹುಡುಕಲು ಎದ್ದರು; ಅತ್ತಿಗೆಯೂ ಅಲ್ಲೇ ಇದ್ದರು. ಮಾರಾಟ ನಿಲ್ಲುತ್ತದೆಂದು ಎಲ್ಲ ಮನೆಯಲ್ಲೂ ಕೂಡಿಟ್ಟಿದ್ದಾರಲ್ಲ!

ನಮ್ಮ ಡಬ್ಬವನ್ನು ಎಲ್ಲಿಟ್ಟಿದ್ದೀಯ? ನೀನು ಜಗಳವಾಡಿ ಕೆಲಸಕ್ಕೆ ಹೋದಾಗಿನಿಂದ ಅತ್ತಿಗೆ ಸರಿಯಾಗಿ ಉಂಡಿಲ್ಲ. ಫೋನಿನಲ್ಲಿ ಕೇಳಿದರೆ ಅವರ ಕಿವಿಗೆ ಬೀಳುತ್ತದೆ. ಪತ್ರ ತಂದ ಡ್ರೈವರ್ ಜೊತೆಗೇ ಹೊರಟು ಬಾ.

ಇವತ್ತು ಬೆಳಿಗ್ಗೆ ಅಕ್ಕಪಕ್ಕದವರೆಲ್ಲ ತಮ್ಮ ಡಬ್ಬಗಳನ್ನು ಕೃಷಿ ಕಚೇರಿಗೆ ಒಪ್ಪಿಸಿ ಬಂದರು. ಅತ್ತಿಗೆ ಮಾತ್ರ, ಯಾರೂ ಹೇಳದಿದ್ದರೂ, ಅಟ್ಟ ಗುಡಿಸಲು ಹೊರಟಿದ್ದಾರೆ. ಪತ್ರ ಮಡಿಸಿ, ನಾನೂ ಪೊರಕೆ ಹಿಡಿದು ಅವರ ಹಿಂದೆಯೇ ಹತ್ತುತ್ತೇನೆ.

ನಿನ್ನ ತಂಗಿ