ಪ್ರಶ್ನೆ ಸೇರಿಸಿಕೊಂಡು ಉತ್ತರ

ಫೆಬ್ರವರಿ 4, ಬೆಳಿಗ್ಗೆ 6.30

ಇವತ್ತು ಮೂವರ ಇಂಟರ್‌ವ್ಯೂ. ಎಂಟಕ್ಕೆ ತಲಘಟ್ಟಪುರದಲ್ಲಿ ಸ್ಪರ್ಧಿಗಳಿರುವ ಶೂಟಿಂಗ್ ಮನೆಯಲ್ಲಿರಬೇಕು. ಪದ್ಮನಾಭನಗರದ ನನ್ನ ಮನೆಗೆ ಕ್ಯಾಬ್ ಇನ್ನೂ ಬಂದಿಲ್ಲ. ಜೋಡಿ ಕೂಡಿಸುವ ಈ ಟೀವಿ ಶೋನಲ್ಲಿ ಸ್ಪರ್ಧಿಗಳಿಗೆ ಪ್ರಶ್ನೆ ಕೇಳುವ ಕೆಲಸ; ನನಗಿದು ಆರನೇ ಸೀಸನ್. ಎಲ್ಲರಿಗೂ ಅದೇ ಪಾಠ: "ನನ್ನ ದನಿ ಟೀವೀಲಿ ಬರಲ್ಲ, ತೆಗೆದುಬಿಡ್ತೀವಿ. ಪ್ರಶ್ನೆ ಸೇರಿಸಿಕೊಂಡು ಉತ್ತರ ಹೇಳಿ. ಈ ಮನೇಲಿರೋ ವೇಣು ಇಷ್ಟಾನಾ ಅಂದ್ರೆ ‘ಹೂಂ’ ಅನ್ನಬೇಡಿ. ‘ವೇಣು ನನಗೆ ಇಷ್ಟ’ ಅನ್ನಿ."

ಸಂಜೆ

ಮೇಘಶ್ರೀ — ವಸಂತಪುರದ ಹಾರ್ಡ್‌ವೇರ್ ಅಂಗಡಿಯವರ ಮಗಳು, ಇಪ್ಪತ್ತಾರು ವರ್ಷ — ಅಳಲೇ ಇಲ್ಲ. ಪ್ರೊಡ್ಯೂಸರ್ ಇಂದ್ರಾಣಿಗೆ ಕಣ್ಣೀರು ಬೇಕಿತ್ತು. ಹಾಗಾಗಿ ನನ್ನ ಕಥೆ ಹೇಳಿದೆ. ಡಿವೋರ್ಸ್ ಆದ ವರ್ಷ ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದೆ ದಿನವೂ ಅನ್ನ ಮಿಗುತ್ತಿದ್ದದ್ದು. ಪ್ರತಿ ಸೀಸನ್‌ನಲ್ಲೂ ಹೇಳುತ್ತೇನೆ. ನಿಜವಾದದ್ದೇ. ಆದರೂ... ಎಲ್ಲಿ ನಿಲ್ಲಿಸಿದರೆ ಎದುರಿನವರ ಗಂಟಲು ಕಟ್ಟುತ್ತದೆ ಎಂಬುದು ಈಗ ಗೊತ್ತು.

ಮೇಘಶ್ರೀಯದೂ ಕಟ್ಟಿತು. "ಈ ಮನೇಲಿ ನನಗೆ ಇರೋದು ಒಬ್ಬರೇ. ಅವರ ಮುಂದೆ ಮಾತ್ರ ನಾನು ನಾಟಕ ಆಡಲ್ಲ."

"ಯಾರು?"

"ಇನ್ಯಾರು ಅಕ್ಕ, ನೀವೇ. ಅನ್ನ ಮಿಕ್ಕಿದ್ರೆ ಫೋನ್ ಮಾಡಿ, ಬರ್ತೀನಿ."

ಮೂಗು ಒರೆಸಿಕೊಂಡು ನಕ್ಕಳು. "ಸ್ಪರ್ಧಿಗಳ ಜೊತೆ ಸ್ನೇಹ ಮಾಡಿದ್ರೆ ನನ್ನ ಕೆಲಸ ಹೋಗುತ್ತೆ ಕಣೇ" ಎಂದೆ. ನಾನೂ ನಕ್ಕೆ.

ಮನೆಗೆ ಬಂದು ಒಂದು ಲೋಟ ಅಕ್ಕಿ ಹಾಕಿದೆ. ಅರ್ಧ ಸಾಕಿತ್ತು.

ಫೆಬ್ರವರಿ 6

ಜೆ.ಪಿ. ನಗರದ ಎಡಿಟಿಂಗ್ ರೂಮು. ಎಡಿಟರ್ ರಘು ಗೊಣಗುತ್ತಿದ್ದ. "ವೇಣು ಕಥೆ ತುಂಬಾ ಡಲ್ ಮೇಡಂ. ಹುಡುಗಿ ಕಡೆಯಿಂದ ಒಂದು ಲೈನಾದ್ರೂ ಕೊಡಿ."

ಕೊಟ್ಟೆ. ನಾನೇ. "ನಾಟಕ ಆಡಲ್ಲ" ಎಂಬಲ್ಲಿಗೆ ಮೇಘಶ್ರೀಯ ಮಾತು ಕಟ್; ‘ನೀವೇ’ ಎಂದದ್ದು ಹೋಯಿತು. ಅದರ ಹಿಂದೆಯೇ ವೇಣು ಗಿಡಕ್ಕೆ ನೀರು ಹಾಕುವ ಶಾಟ್.

"ಲವ್ ಆಗೋಯ್ತು ಗುರು!" ರಘು ಚಪ್ಪಾಳೆ ತಟ್ಟಿದ.

ಎಷ್ಟೋ ವರ್ಷದ ಮೇಲೆ ಯಾರೋ ನನಗೆಂದೇ ಹೇಳಿದ ಮಾತು. ಇಟ್ಟುಕೊಳ್ಳಲು ತಿಳಿಯದೆ ಕೊಟ್ಟೆನೇ? ಅಥವಾ ಬರೀ ಅಭ್ಯಾಸವೇ?

ಫೆಬ್ರವರಿ 7

ಮೇಘಶ್ರೀಗೆ ಹೇಳಿಬಿಡಬೇಕು. ಫಿನಾಲೆಗೆ ಮೊದಲು.

ಫೆಬ್ರವರಿ 19

ಹೇಳಲಿಲ್ಲ.

ಫಿನಾಲೆ ಶೂಟ್ ಮುಗಿಯಿತು. ದೊಡ್ಡ ಪರದೆಯ ಮೇಲೆ ಆ ತುಣುಕು ಹಾಕಿದರು. ವೇಣು ಕಣ್ಣು ತುಂಬಿಕೊಂಡು ಮಂಡಿಯೂರಿದ. ಪಾಪ, ಅವನು ನಂಬಿಬಿಟ್ಟಿದ್ದ. ಮೇಘಶ್ರೀ ಕ್ಯಾಮೆರಾ ಹಿಂದಿನ ಕತ್ತಲೆಯಲ್ಲಿ ನನ್ನನ್ನು ಹುಡುಕಿದಳು.

"ಎದ್ದೇಳು ವೇಣು. ಅದು ನಿನಗೆ ಹೇಳಿದ್ದಲ್ಲ."

"ಮತ್ತೆ ಯಾರಿಗೆ?"

ಅವಳು ನನ್ನ ಹೆಸರು ಹೇಳಲಿಲ್ಲ. ನನ್ನ ಕೆಲಸ ಉಳಿಸಿದಳು. ಹೆಡ್‌ಫೋನಿನಲ್ಲಿ ಇಂದ್ರಾಣಿಯ ದನಿ — "ಸೂಪರ್! ಇನ್ನೊಬ್ಬ ಇದಾನೆ! ಇದೇ ಪ್ರೋಮೋ!"

ಫೆಬ್ರವರಿ 27

ಪ್ರೋಮೋ ಬಂದು ಮೂರು ದಿನ. ‘ಯಾರು ಆ ಗುಟ್ಟಿನ ಗೆಳೆಯ?’ ಕೆಳಗಿನ ಕಾಮೆಂಟ್‌ಗಳನ್ನು ಇಲ್ಲಿ ಬರೆಯಲಾರೆ.

ಮೇಘಶ್ರೀಯ ಮೆಸೇಜ್: "ಅಪ್ಪ ಮಾತು ಬಿಟ್ಟಿದಾರೆ ಅಕ್ಕ. ನಿಮಗೆ ಹೇಳಿದ್ದು ಅಂದ್ರೆ ನಂಬ್ತಿಲ್ಲ. ನೀವು ಒಂದ್ಸಲ ಹೇಳ್ತೀರಾ?"

ಅವರಿಗೆ ತೋರಿಸಲು ಪೂರ್ತಿ ಟೇಪ್ ಕೊಡಿ ಎಂದೆ. ಇಂದ್ರಾಣಿ ಕೊಡಲಿಲ್ಲ. "ನೀವು ಬಾಯಿಬಿಟ್ರೆ ಮುಂದಿನ ಸೀಸನ್‌ಗೆ ಬರೋದು ಬೇಡ."



ಮಾರ್ಚ್ 3, ಸಂಜೆ

ವಸಂತಪುರಕ್ಕೆ ಹೋಗಿದ್ದೆ. ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ, ಮೂರನೇ ಸಲ ಮೆಟ್ಟಿಲು ಹತ್ತಿದೆ. ಅವಳ ತಂದೆ ಮರುಳಸಿದ್ದಪ್ಪನವರು ಮೊಳೆ ತೂಗುತ್ತಿದ್ದರು.

"ಏನ್ ಬೇಕಮ್ಮ?"

ಉಳಿದವರಿಗೆ ಕಲಿಸುವ ಹಾಗೆ, ಪೂರ್ತಿ ವಾಕ್ಯವನ್ನೇ ಹೇಳಿದೆ. "ಮೇಘಶ್ರೀ ಹೇಳಿದ ಆ ಒಬ್ಬರು ಯಾರು ಅಂದ್ರೆ ಸಾರ್, ನಾನು. ಅವಳಿಗೆ ಪ್ರಶ್ನೆ ಕೇಳ್ತಿದ್ದವಳು."

ಕೈಯಲ್ಲಿದ್ದ ಮೊಳೆಗಳನ್ನು ಮೆಲ್ಲಗೆ ಡಬ್ಬಿಗೆ ಸುರಿದರು. ಸ್ಟೂಲು ಎಳೆದು ಕೊಟ್ಟರು. ಕೂರಲಾಗಲಿಲ್ಲ.

"ಹತ್ತು ಸಲ ನೋಡಿದೀನಮ್ಮ ಅದನ್ನ. ನಿಮ್ಮ ದನಿ ಎಲ್ಲೂ ಇಲ್ವಲ್ಲ? ತೆಗೆದಿದ್ದು ಯಾರು?"

ಒಳಬಾಗಿಲಲ್ಲಿ ಮೇಘಶ್ರೀ ಬಂದು ನಿಂತಿದ್ದಳು.

"ತೆಗೆದಿದ್ದು ಯಾರು ಅಂದ್ರೆ ಸಾರ್, ಅದೂ ನಾನೇ."